ಒಡೆದ ಬೂದುಗುಂಬಳದ ಕೇಸು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬೀದಿಯವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಗೋವಿಂದರಾಜನಗರದಲ್ಲಿ ಮೂವತ್ತೆಂಟು ವರ್ಷದಿಂದ ಇದ್ದೇನೆ. ಸಿವಿಲ್ ಕೋರ್ಟಿನಲ್ಲಿ ಸ್ಟೆನೋ ಆಗಿ, ಜಡ್ಜುಗಳು ಹೇಳಿದ್ದನ್ನೆಲ್ಲ ಬೆರಳು ಸವೆಯುವ ತನಕ ಟೈಪು ಮಾಡಿ, ಈಗ ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದೇನೆ. ಎದುರಿಗೆ ಎಲ್ಲರೂ ಕೋರ್ಟ್ ಆಂಟಿ ಎನ್ನುತ್ತಾರೆ, ಬೆನ್ನ ಹಿಂದೆ ಬಾಯಿಬಡುಕಿ ಎನ್ನುತ್ತಾರೆ. ಅನ್ನಲಿ. ನಾನು ಹೇಳಹೊರಟಿರುವುದು ನನ್ನ ಮಾತಲ್ಲ, ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಸೌಮ್ಯಶ್ರೀಯದು. ಏಳು ವರ್ಷ ಆ ಹೆಣ್ಣುಮಗಳನ್ನು ಈ ಬೀದಿ ಹುರಿದು ತಿಂದದ್ದನ್ನು ನೋಡಿದವಳು ನಾನು.

ಸೌಮ್ಯಶ್ರೀ ಹರಿಹರದ ಕಡೆಯವಳು. ಗಂಡ ಚನ್ನವೀರೇಶ್ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ಜೊತೆಗೆ ಮಾವ ಪಂಚಾಕ್ಷರಿ, ಅತ್ತೆ ಕಮಲಾಕ್ಷಮ್ಮ. ಇವಳಿಗೆ ಬಸವೇಶ್ವರನಗರದ ಒಂದು ಲ್ಯಾಬಿನಲ್ಲಿ ಕೆಲಸವಿತ್ತು. ಬೆಳಗ್ಗೆ ಐದೂವರೆಗೆಲ್ಲ ಸ್ಕೂಟರು ತೆಗೆದು, ಶುಗರಿನವರ ಮನೆಮನೆಗೆ ಹೋಗಿ ಖಾಲಿ ಹೊಟ್ಟೆಯ ರಕ್ತ ತೆಗೆದುಕೊಂಡು ಬರಬೇಕು. ಸೀಟಿನಡಿಯ ಡಬ್ಬಿಯಲ್ಲಿ ಟ್ಯೂಬುಗಳು ಕುಲುಕಿದರೆ ರಕ್ತ ಕೆಟ್ಟುಹೋಗುತ್ತದಂತೆ. ಹಾಗಾಗಿ ಅವಳು ಗಾಡಿ ಓಡಿಸುತ್ತಿದ್ದ ವೇಗ ನೋಡಿದರೆ ನಡೆದುಕೊಂಡು ಹೋಗುವವರಿಗೇ ಸಿಟ್ಟು ಬರಬೇಕು. ನಾಗರಬಾವಿ ಸರ್ಕಲಿನಲ್ಲಿ ಹಿಂದಿನ ಆಟೋದವನು ಬೈದದ್ದನ್ನು ಅವಳೇ ಬಂದು ನನ್ನ ಹತ್ತಿರ ನಗುತ್ತಾ ಹೇಳಿದ್ದಳು.

ಅವಳಿಗೆ ಸ್ಕೂಟರು ಕಲಿಸಿದವರು ಮಾವ ಪಂಚಾಕ್ಷರಿಯವರೇ. ಹೈಸ್ಕೂಲು ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಮಾರೇನಹಳ್ಳಿಯ ಮೈದಾನದಲ್ಲಿ ಹಿಂದೆ ಓಡಿ ಓಡಿ, ಸೊಸೆಗೆ ಬ್ರೇಕು ಹಿಡಿಯುವುದನ್ನು ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದರು. ಎಲ್ಲಿಗೆ ಹೋಗಬೇಕಾದರೂ ಅವಳ ಹಿಂದೆಯೇ ಕೂರುತ್ತಿದ್ದರು. ಹೆಲ್ಮೆಟ್ ಮಾತ್ರ ಹಾಕುತ್ತಿರಲಿಲ್ಲ, ಹಣೆಯ ವಿಭೂತಿ ಅಳಿಸಿಹೋಗುತ್ತದೆ ಎಂಬ ಕಾರಣಕ್ಕೆ. ಅವಳು ಕೈಗೆ ಕೊಡುವುದು, ಅವರು ತೊಡೆಯ ಮೇಲೆ ಇಟ್ಟುಕೊಳ್ಳುವುದು, ಇದು ದಿನಾ ನಮ್ಮ ಗೇಟಿನ ಮುಂದೆ ನಡೆಯುತ್ತಿದ್ದ ಜಗಳ.

ಈಗ ಭೈರೇಶನ ವಿಷಯ. ನಮ್ಮ ಬೀದಿ ತಿರುಗುವ ಮೂಲೆಯಲ್ಲಿ ಅವನ ಗ್ರಿಲ್ ವರ್ಕ್ಸು. ಕಿಟಕಿ ಸರಳು, ಗೇಟು ಮಾಡಿಕೊಡುವ ಅಂಗಡಿ. ಎರಡು ಟೆಂಪೊ, ನಾಲ್ಕು ವೆಲ್ಡಿಂಗ್ ಮಿಷನ್ನು, ಮತ್ತು ಅವೆಲ್ಲಕ್ಕಿಂತ ದೊಡ್ಡ ಜಂಬ. ಆಯುಧಪೂಜೆಯ ದಿನ ಬೆಂಗಳೂರಿನಲ್ಲಿ ಏನು ನಡೆಯುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಬೂದುಗುಂಬಳಕಾಯಿಯ ತಲೆ ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ, ಗಾಡಿಗೂ ಅಂಗಡಿಗೂ ನಿವಾಳಿಸಿ ನಡುರಸ್ತೆಯಲ್ಲಿ ಅಪ್ಪಳಿಸುವುದು. ಒಡೆದ ಹೋಳುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಮುಟ್ಟಿದವರಿಗೆ ಆ ದೃಷ್ಟಿಯೆಲ್ಲ ಅಂಟಿಕೊಳ್ಳುತ್ತದೆ ಎಂಬ ಭಯ. ಒಡೆಯುವುದಕ್ಕೆ ಹತ್ತು ಜನ, ಬಳಿಯುವುದಕ್ಕೆ ಒಬ್ಬನೂ ಇಲ್ಲ.

ಆ ವರ್ಷ, ಎರಡು ಸಾವಿರದ ಹದಿನೆಂಟರಲ್ಲಿ, ಭೈರೇಶ ಹೊಸ ಟೆಂಪೊ ತಂದಿದ್ದ. ಇಬ್ಬರು ಎತ್ತಿ ತರಬೇಕಾದಷ್ಟು ದೊಡ್ಡ ಕಾಯಿ. ಸರಿಯಾಗಿ ತಿರುವಿನಲ್ಲಿ, ತನ್ನ ಗೇಟಿನ ಮುಂದೆ ಒಡೆಸಿದ. ಒಳಗಿನ ತಿರುಳು, ಬೀಜ, ಕುಂಕುಮದ ನೀರು ಎಲ್ಲ ಸೇರಿ ರಸ್ತೆಗೆ ಲೋಳೆ ಬಳಿದ ಹಾಗಾಗಿತ್ತು. ಮಾರನೆಯ ದಿನ ವಿಜಯದಶಮಿ, ಕಸದವರಿಗೆ ರಜೆ. ಬೆಳಗ್ಗೆ ಆರೂವರೆಗೆ ಹಾಲು ತರಲು ಹೋದಾಗ ಅದನ್ನು ನೋಡಿದೆ. ಸೀರೆ ಎತ್ತಿ ಹಿಡಿದು ಪಕ್ಕದಿಂದ ದಾಟಿ ಬಂದೆ. ಒಂದು ಪೊರಕೆ ತಂದು ತಳ್ಳಿದ್ದರೆ ಎರಡು ನಿಮಿಷದ ಕೆಲಸ. ತಳ್ಳಲಿಲ್ಲ. ಇದನ್ನು ನೆನೆದರೆ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಅವಳ ಲ್ಯಾಬಿಗೂ ಹಬ್ಬದ ರಜೆ, ಏಳೂವರೆಗೆ ಪಂಚಾಕ್ಷರಿಯವರು ಸೊಸೆಯ ಜೊತೆ ಹೊರಟರು. ಮಾರೇನಹಳ್ಳಿಯ ಗೆಳೆಯರ ಮನೆಯಿಂದ ಬನ್ನಿ ಸೊಪ್ಪು ತಂದು, ಹಬ್ಬದ ದಿನ ನಾಲ್ಕು ಜನಕ್ಕೆ ಹಂಚಬೇಕೆಂಬ ಆಸೆ. ತಿರುವಿನಲ್ಲಿ ಸ್ಕೂಟರಿನ ಚಕ್ರ ಆ ಲೋಳೆಯ ಮೇಲೆ ಹೋಯಿತು, ಗಾಡಿ ಮಲಗಿತು. ಅವಳಿಗೆ ಮೊಣಕೈ ತರಚಿತು. ಅವರ ತಲೆ ಭೈರೇಶನ ಗೇಟಿನ ಮುಂದಿನ ಕಲ್ಲಿಗೆ ಬಡಿಯಿತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು.

ಪೊಲೀಸರು ಸ್ಥಳಕ್ಕೆ ಬರುವ ಹೊತ್ತಿಗೆ ಭೈರೇಶ ಪೈಪು ಹಿಡಿದು ರಸ್ತೆ ತೊಳೆಸಿಬಿಟ್ಟಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳುವುದಲ್ಲ, ಸ್ನಾನವನ್ನೇ ಮಾಡಿಸಿದ್ದ. ಕೇಳಿದ್ದಕ್ಕೆ ನನಗೇ ಜೋರು ಮಾಡಿದ. "ಈ ರೋಡು ನಮ್ಮಪ್ಪ ಮುನಿವೆಂಕಟಪ್ಪ ರಾಗಿ ಬೆಳೀತಿದ್ದ ಜಾಗ ಆಂಟಿ. ನಮ್ ಜಾಗದಲ್ಲಿ ನಾವು ಕಾಯಿ ಒಡೆಯೋಕೆ ಯಾರ ಪರ್ಮಿಷನ್ ಬೇಕು? ಅವ್ಳಿಗೆ ಗಾಡಿ ಓಡ್ಸೋಕೆ ಬರಲ್ಲ, ಅಷ್ಟೇ" ಎಂದ.

ಅತ್ತ ಆಸ್ಪತ್ರೆಯಲ್ಲಿ ಕಮಲಾಕ್ಷಮ್ಮ ಪೊಲೀಸರ ಮುಂದೆ ಎದೆ ಬಡಿದುಕೊಂಡು, ನನ್ನ ಸೊಸೆಯೇ ಬೀಳಿಸಿ ಸಾಯಿಸಿದಳು, ತನ್ನ ತಲೆಗೆ ಹೆಲ್ಮೆಟ್ ಹಾಕಿಕೊಂಡು ತಾನು ಬದುಕಿಕೊಂಡಳು ಎಂದು ಹೇಳಿಕೆ ಕೊಟ್ಟರು. ಪೊಲೀಸರಿಗೆ ಇನ್ನೇನು ಬೇಕು? ಗಾಡಿ ಇದೆ, ಓಡಿಸಿದವಳಿದ್ದಾಳೆ, ಹಿಂದೆ ಕೂತವರು ಸತ್ತಿದ್ದಾರೆ. ಅಜಾಗರೂಕತೆಯಿಂದ ವಾಹನ ಚಲಾಯಿಸಿ ಸಾವಿಗೆ ಕಾರಣಳಾದಳು ಎಂದು ಸೌಮ್ಯಶ್ರೀಯ ಮೇಲೆಯೇ ಕ್ರಿಮಿನಲ್ ಕೇಸು. ಕಾಯಿ ಒಡೆದವನ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ.

ಅಲ್ಲಿಂದ ಶುರುವಾಯಿತು. ಲ್ಯಾಬಿನವರು, ಕೇಸಿರುವವಳನ್ನು ಜನರ ಮನೆಗೆ ಕಳಿಸಲು ಆಗುವುದಿಲ್ಲ ಎಂದು ಗಾಡಿಯ ಕೆಲಸ ಬಿಡಿಸಿ, ಒಳಗೆ ಕೌಂಟರಿನಲ್ಲಿ ಕೂರಿಸಿ ಸಂಬಳ ಇಳಿಸಿದರು. ಬೀದಿಯಲ್ಲಿ ಅವಳು ಹೋಗುತ್ತಿದ್ದರೆ ಹೆಂಗಸರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಗಂಡನೆಂಬ ಪ್ರಾಣಿ ತಾಯಿಯ ಮುಂದೆ ಸೊಲ್ಲೆತ್ತದೆ, ಹೆಂಡತಿಗೆ "ಸುಮ್ನಿರು" ಎನ್ನುವುದೊಂದನ್ನೇ ಕಲಿತಿದ್ದ. ಇನ್ನು ಕಮಲಾಕ್ಷಮ್ಮ. ಅವರ ಗಂಟಲು ನಮ್ಮ ಮನೆಯ ತಾರಸಿ ತೂರಿಕೊಂಡು ಕೆಳಗೆ ಬರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ, ನಲ್ಲಿ ಸೋರಿದರೂ ಮಾತು ಬಂದು ನಿಲ್ಲುವುದು ಒಂದೇ ಕಡೆ, ನನ್ನ ಗಂಡನ್ನ ತಿಂದ್ಕೊಂಡೋಳು. ಆಯಮ್ಮ ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಅದನ್ನು ಹೇಳುತ್ತಿದ್ದರು.

ಒಂದು ದಿನ ಸೌಮ್ಯಶ್ರೀಯನ್ನು ಕರೆದು ಕೂರಿಸಿ, ಬೇರೆ ಮನೆ ಮಾಡಿಕೊಂಡು ಹೋಗಬಾರದೇನೇ ಎಂದು ಕೇಳಿದೆ. ಅವಳು ತಲೆಯಾಡಿಸಿದಳು. "ಓಡಿ ಹೋದ್ರೆ ಹೌದು ಅಂದಂಗಾಗತ್ತೆ ಆಂಟಿ. ನನ್ನಿಂದ ಆಗಿಲ್ಲ ಅಂತ ಅತ್ತೆ ಬಾಯಲ್ಲೇ ಬರ್ಬೇಕು. ಅವ್ರು ದಿನಾ ಹೇಳಿ ಹೇಳಿ, ಒಂದೊಂದ್ಸಲ ನಂಗೇ ನಾನೇ ಸಾಯಿಸ್ದೆ ಅನ್ಸತ್ತೆ."

ಆ ಮಾತು ಕೇಳಿದ ಮೇಲೆ ನಾನು ಕೂತು ದಿನ ಎಣಿಸಿದೆ. ಮಾವ ಹೋಗಿ ಎರಡು ವರ್ಷ ತುಂಬುವುದಕ್ಕೆ ಎರಡು ತಿಂಗಳಿತ್ತು. ಅದು ದಾಟಿದರೆ ಸತ್ತವರ ಪರವಾಗಿ ಪರಿಹಾರದ ದಾವೆ ಹಾಕಲು ಕಾನೂನು ಬಿಡುವುದಿಲ್ಲ. ಮಹಡಿ ಹತ್ತಿ ಹೋಗಿ ಮೂವರನ್ನೂ ಕೂರಿಸಿಕೊಂಡು ಹೇಳಿದೆ. ಭೈರೇಶನ ಮೇಲೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ. ಸೊಸೆಗೆ ಹಾಕುವ ಹಕ್ಕಿಲ್ಲ, ಸತ್ತವರ ಹೆಂಡತಿ, ಮಗ ಹಾಕಬೇಕು. ಚನ್ನವೀರೇಶ್ ಗೋಡೆ ನೋಡಿದ. ಪೊಲೀಸರೇ ಅವನ ಮೇಲೆ ಕೇಸು ಹಾಕದಿದ್ದ ಮೇಲೆ ಅವನು ಹೇಗೆ ತಪ್ಪಿತಸ್ಥನಾಗುತ್ತಾನೆ ಎಂದು ಕೇಳಿದ.

ಮೂವತ್ತು ವರ್ಷ ಕೋರ್ಟಿನಲ್ಲಿ ಕೂತು, ಜನ ಮಾಡುವುದನ್ನು ನಾನು ನೋಡುತ್ತಾ ಬಂದ ತಪ್ಪು ಇದೇ. ಕ್ರಿಮಿನಲ್ಲು, ಸಿವಿಲ್ಲು ಎರಡೂ ಒಂದೇ ಎಂದುಕೊಳ್ಳುತ್ತಾರೆ. ನಾನು ಬಿಡಿಸಿ ಹೇಳಿದೆ. ಕ್ರಿಮಿನಲ್ ಕೋರ್ಟು ಕೇಳುವುದು, ಇವರನ್ನು ಜೈಲಿಗೆ ಹಾಕಬೇಕಾ ಎಂದು. ಒಬ್ಬರನ್ನು ಒಳಗೆ ಹಾಕಬೇಕಾದರೆ ಕೂದಲೆಳೆಯಷ್ಟು ಸಂಶಯವೂ ಉಳಿಯಬಾರದು, ಸಣ್ಣಪುಟ್ಟ ಅಜಾಗರೂಕತೆ ಇದ್ದರೆ ಸಾಲದು. ಸಿವಿಲ್ ಕೋರ್ಟಿಗೆ ಜೈಲಿನ ಮಾತಿಲ್ಲ. ನಷ್ಟ ಆಗಿದೆ, ಯಾರು ಎಚ್ಚರವಾಗಿದ್ದರೆ ಆಗುತ್ತಿರಲಿಲ್ಲ, ಯಾರು ತುಂಬಿಕೊಡಬೇಕು, ಇಷ್ಟೇ. ಹಾಗಿರಬಹುದೋ ಹೀಗಿರಬಹುದೋ ಎಂದು ತೂಗಿ, ತಕ್ಕಡಿ ಒಂದಿಷ್ಟು ವಾಲಿದ ಕಡೆ ತೀರ್ಪು. ಆದ್ದರಿಂದ ಅಲ್ಲಿ ಬಿಟ್ಟುಬಿಟ್ಟವನು ಇಲ್ಲಿ ಸಿಕ್ಕಿಬೀಳಬಹುದು. ಅಲ್ಲಿ ಹೆಸರೇ ಇಲ್ಲದವನೂ ಸಿಕ್ಕಿಬೀಳಬಹುದು.

ಕಮಲಾಕ್ಷಮ್ಮ ಇದನ್ನೆಲ್ಲ ಕೇಳಿಸಿಕೊಂಡು, "ಅವ್ನೂ ಕಟ್ಲಿ, ಇವ್ಳೂ ಅನುಭವಿಸ್ಲಿ" ಎಂದು ಹೇಳಿ ವಕಾಲತ್ತಿಗೆ ಸಹಿ ಹಾಕಿದರು. ಒಳ್ಳೆಯ ಮನಸ್ಸಿನಿಂದ ಹಾಕಿದ ಸಹಿಯಲ್ಲ ಅದು. ಆದರೂ ಸಹಿ ಸಹಿಯೇ.

ಕ್ರಿಮಿನಲ್ ಕೇಸು ಮೊದಲು ಮುಗಿಯಿತು. ನಾಲ್ಕು ವರ್ಷ ಅವಳು ಆರೋಪಿಯಾಗಿ ಕಟಕಟೆಯಲ್ಲಿ ನಿಂತಳು. ಪ್ರತಿ ವಾಯಿದೆಗೆ ರಜೆ, ರಜೆಗೆ ಸಂಬಳ ಕಡಿತ. ನಾನು ಹೋಗಿ ಅವಳ ಪರವಾಗಿ ಸಾಕ್ಷಿ ಹೇಳಬಹುದಿತ್ತು. ನಿವೃತ್ತಿಗೆ ಮೊದಲು ಪೊಲೀಸ್ ಕೇಸಿನ ತಂಟೆ ಬೇಡ ಎಂದು ಸುಮ್ಮನಿದ್ದೆ, ಆಮೇಲೆ ಲಾಯರು ಕರೆಯಲಿಲ್ಲ ಎಂಬ ನೆಪ. ಭೈರೇಶನ ವೆಲ್ಡರ್ ಮರೆಪ್ಪ ಎಂಬವನು ಬಂದು, ಭಾರಿ ಸ್ಪೀಡಿನಲ್ಲಿ ಬಂದಳು ಸ್ವಾಮಿ ಎಂದ. ಪಾಟಿ ಸವಾಲಿನಲ್ಲಿ, ತಾನು ಒಳಗೆ ಟೀ ಕುಡಿಯುತ್ತಿದ್ದೆ, ಶಬ್ದ ಕೇಳಿ ಹೊರಗೆ ಬಂದೆ ಎಂದು ಒಪ್ಪಿಕೊಂಡ. ಜಡ್ಜು ಸಂಶಯದ ಲಾಭ ಕೊಟ್ಟು ಅವಳನ್ನು ಬಿಡುಗಡೆ ಮಾಡಿದರು.

ಪಾಪ, ಅವತ್ತು ಅವಳು ಅರ್ಧ ಕೇಜಿ ಮೈಸೂರು ಪಾಕ್ ತಂದಳು. ಅತ್ತೆ ಪೊಟ್ಟಣ ಬಿಚ್ಚಲೇ ಇಲ್ಲ. ಸಂಶಯದ ಮೇಲೆ ಬಿಟ್ಟರು ಎಂದರೆ ಸಂಶಯ ಇದೆ ಎಂದೇ ಅರ್ಥ ಎಂದರು. ಬೀದಿಯೂ ಹಾಗೇ ಎಂದಿತು. ಭೈರೇಶ ಅಂಗಡಿ ಮುಂದೆ ನಿಂತು, ಲೇಡೀಸ್ ಅಂತ ಬಿಟ್ಟಿದ್ದಾರೆ ಎಂದು ಸಾರಿದ. ಜೈಲು ತಪ್ಪಿತು, ಮನೆಯ ಶಿಕ್ಷೆ ಮುಂದುವರಿಯಿತು. ಆ ಮಿಠಾಯಿ ನನ್ನ ಮನೆಗೆ ಬಂತು.

ಸಿವಿಲ್ ದಾವೆ ಸಾಕ್ಷಿಯ ಹಂತಕ್ಕೆ ಬರುವಷ್ಟರಲ್ಲಿ ಮಾವ ಹೋಗಿ ಆರು ವರ್ಷವಾಗಿತ್ತು. ಈ ಸಲ ನಾನೇ ಸಾಕ್ಷಿಕಟ್ಟೆ ಹತ್ತಿದೆ. ಹೋಳುಗಳು ಯಾರ ಗೇಟಿನ ಮುಂದೆ ಬಿದ್ದಿದ್ದವು, ಯಾರು ಒಡೆಸಿದ್ದು, ಯಾರು ತೊಳೆಸಿದ್ದು, ಎಲ್ಲ ಹೇಳಿದೆ. ಭೈರೇಶನ ಲಾಯರು ಚುರುಕಿನ ಹುಡುಗ. ಅಷ್ಟು ಅಪಾಯ ಎಂದು ಕಂಡಿದ್ದರೆ ನೀವೇಕೆ ತೆಗೆಯಲಿಲ್ಲ ಎಂದು ಕೇಳಿದ. ದೃಷ್ಟಿ ತಾಗುತ್ತದೆ ಎಂದು ಹೆದರಿದೆ ಎಂದೆ. ಕೋರ್ಟಿನಲ್ಲಿ ನಕ್ಕರು. ನಾನು ಕೆಲಸ ಮಾಡಿದ ಅದೇ ಕೋರ್ಟ್ ಹಾಲ್, ನನ್ನ ಕುರ್ಚಿಯಲ್ಲಿ ಕೂತ ಹೊಸ ಸ್ಟೆನೋ ಹುಡುಗಿ ಅದನ್ನು ಟೈಪು ಮಾಡಿದಳು. ಮಾನ ಹೋಯಿತು, ಹೋಗಲಿ, ನಾನು ಆ ಬೆಳಗ್ಗೆ ಮಾಡಿದ್ದಕ್ಕೆ ಅಷ್ಟಾದರೂ ಆಗಬೇಕಿತ್ತು.

ಮುಂದಿನ ವಾಯಿದೆಗೆ ಕಮಲಾಕ್ಷಮ್ಮನ ಸರದಿ. ನನಗೆ ಭಯವಿದ್ದದ್ದು ಅಲ್ಲೇ. ಈಯಮ್ಮ ಮನೆಯಲ್ಲಿ ಹೇಳುವುದನ್ನೇ ಇಲ್ಲಿ ಹೇಳಿದರೆ ದಾವೆ ಅಲ್ಲಿಗೆ ನೆಗೆದುಬಿತ್ತು. ಸೊಸೆಯ ತಪ್ಪು ಎಂದು ಅತ್ತೆಯೇ ಒಪ್ಪಿಕೊಂಡ ಮೇಲೆ ಭೈರೇಶ ಏಕೆ ಕೊಡಬೇಕು? ಸೌಮ್ಯಶ್ರೀ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಭೈರೇಶನ ಲಾಯರು ಆಸ್ಪತ್ರೆಯ ಹೇಳಿಕೆಯನ್ನೇ ಕೈಯಲ್ಲಿ ಹಿಡಿದು ಓದಿ, ಸೊಸೆಯೇ ಬೀಳಿಸಿ ಸಾಯಿಸಿದಳು ಎಂದಿದ್ದೀರಿ, ನಿಜವೋ ಸುಳ್ಳೋ ಎಂದು ಕೇಳಿದ.

ಕಮಲಾಕ್ಷಮ್ಮ ಸೆರಗು ಸರಿಮಾಡಿಕೊಂಡರು. "ನಾನೇನು ಅಲ್ಲಿದ್ನಾ? ಗಂಡ ಹೋಗಿದ್ರು. ಯಾರ ಮೇಲಾದ್ರೂ ಹಾಕ್ಬೇಕಿತ್ತು, ಕೈಗೆ ಸಿಕ್ಕಿದೋಳು ಇವ್ಳು. ಗಾಡಿ ನಿಧಾನಕ್ಕೇ ಓಡಿಸ್ತಾಳೆ. ನಮ್ಮ ಮನೆಯೋರು ನನ್ನ ಮಗನ ಹಿಂದೆ ಕೂರ್ತಿರ್ಲಿಲ್ಲ, ಇವ್ಳ ಹಿಂದೆ ಮಾತ್ರ ಕೂರ್ತಿದ್ರು. ಇವ್ಳು ಸಾಯಿಸ್ಲಿಲ್ಲ."

ಲಾಯರು ಕಾಗದ ಮಡಚಿದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಸೌಮ್ಯಶ್ರೀ ವೇಲಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಎಷ್ಟೋ ವರ್ಷದ ಮೇಲೆ ನನಗೂ ಕಮಲಾಕ್ಷಮ್ಮನ ಮೇಲೆ ಒಂದು ಕ್ಷಣ ಪ್ರೀತಿ ಬಂತು.

ಕಳೆದ ಡಿಸೆಂಬರಿನಲ್ಲಿ ತೀರ್ಪಾಯಿತು. ಸಾರ್ವಜನಿಕ ರಸ್ತೆಯ ತಿರುವಿನಲ್ಲಿ ಜಾರುವ ವಸ್ತು ಒಡೆದು ಬಿಟ್ಟುಹೋದವನಿಗೆ ಯಾರಾದರೂ ಜಾರಿ ಬೀಳುತ್ತಾರೆ ಎಂಬ ಅರಿವಿರಬೇಕಿತ್ತು, ಪೂಜೆ ಮಾಡುವ ಹಕ್ಕಿಗೆ ಗುಡಿಸುವ ಹೊಣೆಯೂ ಸೇರಿದೆ ಎಂದರು ಜಡ್ಜು. ವಾಹನ ಓಡಿಸಿದವಳ ನಿರ್ಲಕ್ಷ್ಯ ರುಜುವಾತಾಗಿಲ್ಲ. ಸತ್ತವರು ಹೆಲ್ಮೆಟ್ ಹಾಕದೆ ಇದ್ದುದಕ್ಕೆ ಐದರಲ್ಲೊಂದು ಪಾಲು ಕಡಿತ, ಉಳಿದದ್ದನ್ನು ಭೈರೇಶ ಕೊಡಬೇಕು. ಅವನು ಕೋರ್ಟಿನ ಮೆಟ್ಟಿಲ ಮೇಲೆ, ನನ್ನ ಮೇಲೆ ಒಂದು ಎಫ್‌ಐಆರ್ ಕೂಡ ಇಲ್ಲ, ನಾನು ಹೇಗೆ ತಪ್ಪಿತಸ್ಥ ಎಂದು ಕೂಗಾಡಿದ. ನಿನ್ನನ್ನು ಯಾರೂ ಅಪರಾಧಿ ಎಂದಿಲ್ಲ ಕಣಪ್ಪ, ಹೊಣೆಗಾರ ಎಂದಿದ್ದಾರೆ, ಹೋಗಿ ಮನೆಯಲ್ಲಿ ಕೂತು ಯೋಚನೆ ಮಾಡು ಎಂದು ಹೇಳಿ ಬಂದೆ. ಅಷ್ಟು ಹೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅದಾಗಿ ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ. ಅವರೆಕಾಯಿ ಕಾಲ. ನಮ್ಮ ಗೇಟಿನೊಳಗಿನ ಮೆಟ್ಟಿಲ ಮೇಲೆ ಕಮಲಾಕ್ಷಮ್ಮ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ಬೀದಿಯ ನಾಲ್ಕು ಹೆಂಗಸರು ಸುಲಿಯುವ ನೆಪದಲ್ಲಿ ಸುತ್ತ ಸೇರಿದ್ದರು. ಅವರಿಗೆ ಬೇಕಾದದ್ದು ಅವರೆಯಲ್ಲ, ಸುದ್ದಿ. ಅವರಲ್ಲೊಬ್ಬಳು, ಎದುರು ಸಾಲಿನ ಶಿಲ್ಪಾ, ಹಾಗಾದರೆ ನಿಮ್ಮ ಸೊಸೆಯದು ತಪ್ಪಿಲ್ಲ ಎಂದಾಯಿತಲ್ಲ ಆಂಟಿ ಎಂದು ಕೆದಕಿದಳು.

ಕಮಲಾಕ್ಷಮ್ಮ ಸಿಪ್ಪೆ ಎಸೆದು, "ಲಾಯರ್ ಹೇಳ್ಕೊಟ್ಟಂಗೆ ಹೇಳ್ದೆ ಕಣಮ್ಮ. ಹಂಗೆ ಹೇಳ್ದಿದ್ರೆ ಕೇಸ್ ಬಿದ್ದೋಗ್ತಿತ್ತು. ಕೋರ್ಟಿನ ಮಾತು ಕೋರ್ಟಿಗೆ. ಸಾಯಿಸಿದೋಳು ಸಾಯಿಸಿದೋಳೇ" ಎಂದರು.

ನಾನು ಕಿಟಕಿಯ ಒಳಗಿದ್ದೆ. ಮೈಯೆಲ್ಲ ಉರಿದುಹೋಯಿತು. ಬಾಗಿಲಿಗೆ ಬರುವಷ್ಟರಲ್ಲಿ ನೋಡುತ್ತೇನೆ, ಸೌಮ್ಯಶ್ರೀ ಮೆಟ್ಟಿಲ ಮೇಲ್ತುದಿಯಲ್ಲಿ ಒಣಗಿದ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಾಳೆ. ಹಿಂದೆ ಚನ್ನವೀರೇಶ್ ಎಂದಿನಂತೆ, ಸುಮ್ಮನೆ ಒಳಗೆ ಬಾ ಎಂದ. ಅವಳು ಬಕೆಟ್ಟನ್ನು ಅವನ ಕೈಗೆ ಕೊಟ್ಟು ಕೆಳಗಿಳಿದು ಬಂದು, ಅತ್ತೆಯ ಎದುರಿನ ಮೆಟ್ಟಿಲಲ್ಲೇ ಕೂತಳು. ಹೆಂಗಸರ ಕೈ ನಿಂತಿತು.

"ಅತ್ತೆ, ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಿದ್ರಿ, ನಾನು ಸಾಯಿಸ್ಲಿಲ್ಲ ಅಂತ. ಈಗ ಸಾಯಿಸ್ದೆ ಅಂತಿದೀರಿ. ಎರಡ್ರಲ್ಲಿ ಒಂದು ಸುಳ್ಳು," ಎಂದಳು. ದನಿ ಏರಿಸಲಿಲ್ಲ. "ಇಲ್ಲಿ ಹೇಳಿದ್ದು ಸುಳ್ಳಾದ್ರೆ ಪರವಾಗಿಲ್ಲ, ಏಳು ವರ್ಷ ಕೇಳಿದೀನಿ. ಅಲ್ಲಿ ಹೇಳಿದ್ದು ಸುಳ್ಳಾದ್ರೆ ಅದು ಕ್ರಿಮಿನಲ್. ಆರೋಪಿ ಆಗಿ ನಿಲ್ಲೋದು ಹೆಂಗಿರತ್ತೆ ಅಂತ ನಂಗೆ ಗೊತ್ತು, ನಾಲ್ಕು ವರ್ಷ ನಿಂತಿದೀನಿ. ನಿಮ್ಗೆ ಯಾವ್ದು ಬೇಕು, ನೀವೇ ಹೇಳಿ. ಇವ್ರೆಲ್ಲ ಸಾಕ್ಷಿ ಇದಾರೆ, ಆಂಟಿನೂ ಇದಾರೆ."

ಕಮಲಾಕ್ಷಮ್ಮ ನನ್ನ ಕಡೆ ನೋಡಿದರು. ನಿಜವಾಗಿಯೂ ಹಾಗೆ ಕೇಸಾಗುತ್ತದೆಯೇ ಎಂಬ ಪ್ರಶ್ನೆ ಅವರ ಮುಖದ ಮೇಲಿತ್ತು. ನಾನು ಆಗುತ್ತದೆ ಎಂದು ತಲೆಯಾಡಿಸಿದೆ. ಮುಲಾಜಿಲ್ಲದೆ ಆಡಿಸಿದೆ. ಆ ಮುಖದಲ್ಲಿ ಸಿಟ್ಟು ಇತ್ತು, ಹೆದರಿಕೆ ಇತ್ತು. ಸೊಸೆಯ ಮೇಲೆ ಕರುಣೆ ಮಾತ್ರ ಎಳ್ಳಷ್ಟೂ ಇರಲಿಲ್ಲ. ಸೌಮ್ಯಶ್ರೀಗೆ ಅದು ಬೇಕಾಗಿರಲೂ ಇಲ್ಲ ಎಂದು ನನಗೆ ಆಗ ತಿಳಿಯಿತು.

ಆಯಮ್ಮ ಮೊರದ ಕಡೆ ನೋಡುತ್ತಾ ಗಂಟಲೊಳಗೇ ಗೊಣಗಿದರು, ಕೋರ್ಟಲ್ಲಿ ಹೇಳಿದ್ದೇ ನಿಜ, ಇವಳು ಸಾಯಿಸಲಿಲ್ಲ ಎಂದು.

"ಕೇಳಿಸ್ಲಿಲ್ಲ ಅತ್ತೆ," ಎಂದಳು ಸೌಮ್ಯಶ್ರೀ. "ಸಾಯಿಸ್ದೆ ಅನ್ನೋದನ್ನ ಆ ಮೂಲೆ ತನಕ ಕೇಳೋ ಹಂಗೆ ಹೇಳ್ತಿದ್ರಿ. ಇದನ್ನೂ ಅಷ್ಟೇ ಜೋರಾಗಿ ಹೇಳಿ."

ಕಮಲಾಕ್ಷಮ್ಮ ಹೇಳಿದರು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು.